ದಿನಕ್ಕಿಷ್ಟು ಪದವೋ, ವಾರಕ್ಕೊಂದು ದೃಶ್ಯವೋ: ಮನೆ ಮಕ್ಕಳ ನಡುವೆ ಕಥೆ ಬರೆಯುವ ನಾಲ್ಕು ಗುರಿಗಳ ಹೋಲಿಕೆ

ಕಥೆ ಕಾದಂಬರಿ ಬರೆಯುವ ತಾಯಂದಿರಿಗೆ ಸಮಯವೇ ಇಲ್ಲ ಎಂಬುದು ಪೂರ್ತಿ ನಿಜವಲ್ಲ. ಸಮಯ ಇದೆ, ಆದರೆ ತುಂಡುತುಂಡಾಗಿ ಇದೆ. ಕೈಗೆ ಸಿಕ್ಕಿದ ತುಂಡು ಹತ್ತು ನಿಮಿಷದ್ದೋ ಒಂದು ಗಂಟೆಯದ್ದೋ ಎಂಬುದು ಅದು ಮುಗಿದ ಮೇಲಷ್ಟೇ ತಿಳಿಯುತ್ತದೆ. ಇಂಥ ಸಮಯಕ್ಕೆ ಹೊಂದುವ ಗುರಿ ಯಾವುದೆಂದು ತಿಳಿಯುವುದಕ್ಕಾಗಿ ನಾಲ್ಕು ಬಗೆಯ ಗುರಿಗಳನ್ನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸಮೀಪದ ನಮ್ಮ ಮನೆಯಲ್ಲಿ ಪ್ರಯೋಗಿಸಿ ನೋಡಿದ್ದೇನೆ. ಮನೆಯಲ್ಲಿ ಶಾಲೆಗೆ ಹೋಗುವ ಇಬ್ಬರು ಮಕ್ಕಳು, ವಯಸ್ಸಾದ ಅತ್ತೆ, ಚಿಕ್ಕದೊಂದು ಅಡಿಕೆ ತೋಟ ಇವೆ. ನನಗೆ ಹಗಲು ಸಹಕಾರಿ ಸಂಘವೊಂದರಲ್ಲಿ ಲೆಕ್ಕ ಬರೆಯುವ ಕೆಲಸ. ನಾಲ್ಕರಲ್ಲಿ ನನಗೆ ಒಗ್ಗಿದ್ದು ಉದ್ದ ನೋಟುಪುಸ್ತಕದಲ್ಲಿ ವಾರಕ್ಕೊಂದು ದೃಶ್ಯ ಬರೆಯುವ ಕ್ರಮ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದಿನ ಮಾತುಗಳಲ್ಲಿ ಅದರ ಕಡೆಗೆ ಪಕ್ಷಪಾತ ಕಂಡರೆ ಅದು ಇದ್ದೇ ಇದೆ.

ಮೊದಲನೆಯದು ಚಂದಾ ಕೊಟ್ಟು ಕೊಂಡದ್ದು: ದಿನಕ್ಕೆ ಇಷ್ಟು ಪದ ಎಂದು ಗುರಿ ಹಾಕಿ ಲೆಕ್ಕ ಇಡುವ ಒಂದು ಆ್ಯಪ್. ವರ್ಷದ ಚಂದಾ ಎರಡೂವರೆ ಸಾವಿರ ರೂಪಾಯಿಗಿಂತ ತುಸು ಹೆಚ್ಚು. ಗುರಿ ತಲುಪಿದ ದಿನಗಳನ್ನು ಅದು ಒಂದಕ್ಕೊಂದು ಪೋಣಿಸಿ ಸರಪಳಿಯಂತೆ ತೋರಿಸುತ್ತದೆ. ಒಂದು ದಿನ ತಪ್ಪಿದರೆ ಸರಪಳಿ ಕಡಿದು ಸೊನ್ನೆಯಿಂದ ಶುರು. ನಾನು ಇಟ್ಟುಕೊಂಡದ್ದು ದಿನಕ್ಕೆ 400 ಪದಗಳ ಗುರಿ. ಬೆಳಗ್ಗೆ ನಾಲ್ಕೂಮುಕ್ಕಾಲಕ್ಕೆ ಎದ್ದು ಆರಕ್ಕೆ ಒಲೆಯ ಮುಂದೆ ನಿಲ್ಲುವವರೆಗಿನ ಹೊತ್ತು ಇದಕ್ಕೆ ಸಾಕು ಎಂಬ ಅಂದಾಜು ತಪ್ಪಾಗಿರಲಿಲ್ಲ, ಬರೆಯುತ್ತಲೂ ಇದ್ದೆ. ಆದರೂ ಆ್ಯಪ್ ಮಾತ್ರ ದಿನ ಬಿಟ್ಟು ದಿನ ಗುರಿ ತಪ್ಪಿದೆ ಎಂದು ತೋರಿಸತೊಡಗಿತು.

ಕಾರಣ ತಿಳಿಯಲು ಸ್ವಲ್ಪ ಕಾಲ ಹಿಡಿಯಿತು. ಆ್ಯಪಿನ ದಿನ ಬದಲಾಗುವುದು ನಮ್ಮ ನಡುರಾತ್ರಿಗಲ್ಲ, ಗ್ರೀನಿಚ್ ಕಾಲಮಾನದ ನಡುರಾತ್ರಿಗೆ. ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದಿರುವುದರಿಂದ ಅಲ್ಲಿನ ನಡುರಾತ್ರಿ ಎಂದರೆ ಇಲ್ಲಿ ಬೆಳಗಿನ 5:30, ಅಂದರೆ ಸರಿಯಾಗಿ ನಾನು ಬರೆಯುತ್ತಿರುವ ಹೊತ್ತಿನ ನಟ್ಟನಡುವೆ. ಐದೂವರೆಯ ಒಳಗೆ ಬರೆದ ಪದಗಳು ನಿನ್ನೆಯ ಖಾತೆಗೆ ಹೋಗುತ್ತಿದ್ದವು; ಆಮೇಲಿನವು ಇವತ್ತಿನ ಖಾತೆಗೆ ಬರುತ್ತಿದ್ದವು. ಯಾವ ಪಾಲು ಎಷ್ಟೆಂಬುದು ದಿನಕ್ಕೊಂದು ರೀತಿಯಾದ್ದರಿಂದ ಒಂದು ದಿನದ ಖಾತೆ ತುಂಬಿ ತುಳುಕಿದರೆ ಇನ್ನೊಂದು ದಿನದ್ದು ಗುರಿ ಮುಟ್ಟುತ್ತಿರಲಿಲ್ಲ. ಹಗಲಿಡೀ ಲೆಕ್ಕಪುಸ್ತಕ ಬರೆಯುವ ನನಗೆ ಒಂದು ದಿನದ ಜಮೆ ಎರಡು ದಿನಕ್ಕೆ ಹಂಚಿಹೋಗುವುದು ಎಷ್ಟು ಕಿರಿಕಿರಿಯ ಸಂಗತಿ ಎಂದು ಬಿಡಿಸಿ ಹೇಳಬೇಕಿಲ್ಲ. ಕಂಪನಿಗೆ ಬರೆದು ಕೇಳಿದ್ದಕ್ಕೆ, ಸದ್ಯಕ್ಕೆ ಕಾಲಮಾನ ಬದಲಿಸುವ ಸೌಲಭ್ಯ ಇಲ್ಲವೆಂದೂ, ಬೇಕಾದರೆ ಬರೆಯುವ ಹೊತ್ತನ್ನೇ ಬದಲಿಸಬಹುದೆಂದೂ ಬಹಳ ಸೌಜನ್ಯದ ಉತ್ತರ ಬಂತು.

ಬರೆಯುವ ಹೊತ್ತನ್ನು ಬದಲಿಸುವುದೆಂದರೆ ಏನೆಂದು ಆ ಉತ್ತರ ಬರೆದವರಿಗೆ ತಿಳಿದಿರಲಾರದು. ರಾತ್ರಿ ಊಟವಾಗಿ, ಅತ್ತೆಗೆ ಮಾತ್ರೆ ಕೊಟ್ಟು, ಮಗಳ ಮಲಯಾಳ ಪಾಠ ನೋಡಿ, ಮರುದಿನದ ದೋಸೆಗೆ ಅರೆದು ಮುಗಿಯುವಾಗ ಹತ್ತು ಗಂಟೆ. ಅನಂತರ ಬರೆದ ವಾಕ್ಯಗಳಲ್ಲಿ ಕ್ರಿಯಾಪದವೇ ಇರುತ್ತಿರಲಿಲ್ಲ. ಮತ್ತೆ ಬೆಳಗಿಗೇ ಮರಳಿ, ಐದೂವರೆಯ ಮೊದಲೇ 400 ಮುಗಿಸಲು ಹೊರಟಾಗ ಪಾತ್ರಗಳು ಅಗತ್ಯಕ್ಕಿಂತ ಹೆಚ್ಚು ಹೊತ್ತು ಕಿಟಕಿಯಾಚೆ ನೋಡುತ್ತ ನಿಂತವು, ಏಕೆಂದರೆ ವರ್ಣನೆ ಬರೆದರೆ ಪದಗಳು ಬೇಗ ಸೇರುತ್ತವೆ. ಮಗನಿಗೆ ಜ್ವರ ಏರಿದ ಒಂದು ರಾತ್ರಿಯ ಮರುದಿನ ಸರಪಳಿ ಕಡಿದಾಗ ಪರದೆಯ ಮೇಲೆ ಅಳುಮೋರೆಯ ಚಿತ್ರವೊಂದು ಮೂಡಿತು. ಆ ಚಿತ್ರವನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಇದಕ್ಕೆ ಕನ್ನಡದ್ದೇ ಆದ ಇನ್ನೊಂದು ತೊಡಕು ಸೇರುತ್ತದೆ. ಪದ ಎಣಿಸುವ ಯಂತ್ರಗಳು ಎಣಿಸುವುದು ನಿಜಕ್ಕೂ ಖಾಲಿ ಜಾಗಗಳನ್ನು. ಇಂಗ್ಲಿಷಿನಲ್ಲಿ ನಾಲ್ಕೈದು ಪದ ಬೇಕಾಗುವುದನ್ನು ನಾವು ‘ಹೋಗಬೇಕಾಗಿತ್ತಲ್ಲವೇ’ ಎಂದು ಒಂದೇ ಉಸಿರಿನಲ್ಲಿ ಬರೆದುಬಿಡುತ್ತೇವೆ, ಯಂತ್ರ ಅದಕ್ಕೆ ಒಂದೇ ಅಂಕ ಕೊಡುತ್ತದೆ. ಹೀಗಾಗಿ ಅಲ್ಲಿಯವರು ಸಲೀಸು ಎನ್ನುವ ದಿನದ ಗುರಿ ನಮ್ಮಲ್ಲಿ ಸಲೀಸಲ್ಲ. ಗುರಿಯ ಒತ್ತಡ ಹೆಚ್ಚಾದ ದಿನಗಳಲ್ಲಿ ‘ಬಂದುಬಿಟ್ಟಳು’ ಎಂಬುದನ್ನು ಬಿಡಿಸಿ ‘ಬಂದು ಬಿಟ್ಟಳು’ ಎಂದು ಬರೆಯಲು ಬೆರಳು ತಾನಾಗಿಯೇ ಹೋಗುತ್ತದೆ. ಭಾಷೆಯನ್ನು ಹೀಗೆ ಸೀಳಿ ಅಂಕ ಗಳಿಸುವುದು ಬರೆಯುವವರ ಕೈ ಕೆಡಿಸುವ ಅಭ್ಯಾಸ.

ಎರಡನೆಯದು ನವೆಂಬರ್ ತಿಂಗಳಲ್ಲಿ ಒಂದು ಕಾದಂಬರಿ ಬರೆಯುವ ಸವಾಲು. ನ್ಯಾನೋರೈಮೋ ಎಂಬ ಹೆಸರಿನಲ್ಲಿ 1999ರಲ್ಲಿ ಅಮೆರಿಕದ ಸ್ಯಾನ್‌ಫ್ರಾನ್ಸಿಸ್ಕೋ ಪ್ರದೇಶದಲ್ಲಿ ಕ್ರಿಸ್ ಬಾಟಿ ಮತ್ತು ಗೆಳೆಯರು, ಒಟ್ಟು 21 ಮಂದಿ, ಇದನ್ನು ಶುರು ಮಾಡಿದರು. 30 ದಿನದಲ್ಲಿ 50,000 ಪದ, ಅಂದರೆ ದಿನಕ್ಕೆ ಸುಮಾರು 1,667. ನಡೆಸುತ್ತಿದ್ದ ಸಂಸ್ಥೆ ಮುಚ್ಚುವುದಾಗಿ 2025ರಲ್ಲಿ ಪ್ರಕಟಿಸಿದರೂ ಸವಾಲನ್ನು ತಮ್ಮಷ್ಟಕ್ಕೆ ನಡೆಸುವವರು ಇದ್ದಾರೆ. ಮೊದಲ ವರ್ಷ ಜುಲೈಯಲ್ಲಿ ನಡೆದದ್ದನ್ನು ಮರುವರ್ಷದಿಂದ ನವೆಂಬರಿಗೆ ಸರಿಸಿದ್ದು ಅಲ್ಲಿ ಆಗ ಹವೆ ಕೆಟ್ಟಿರುತ್ತದೆ, ಜನ ಮನೆಯೊಳಗೇ ಇರುತ್ತಾರೆ ಎಂಬ ಕಾರಣಕ್ಕೆ. ಕಾಸರಗೋಡಿನಲ್ಲಿ ನವೆಂಬರ್ ಎಂದರೆ ಇದಕ್ಕೆ ಪೂರ್ತಿ ತಿರುವುಮುರುವು. ಮಳೆ ಹಿಂದೆ ಸರಿದು ಆಕಾಶ ತೆರೆಯುವುದೇ ಆಗ. ಮೊದಲ ಕೊಯ್ಲಿನ ಅಡಿಕೆ ಅಂಗಳಕ್ಕೆ ಬೀಳುವುದು ಆಗ, ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಡುವುದು ಆಗ. ಮೊದಲನೆಯ ತಾರೀಕೇ ಒಂದು ಗೋಜಲು: 1956ರ ಆ ದಿನ ನಾವು ಕೇರಳಕ್ಕೆ ಸೇರಿದ್ದರಿಂದ ಮಕ್ಕಳ ಶಾಲೆಯಲ್ಲಿ ಕೇರಳ ಹುಟ್ಟಿದ ದಿನವಾದ ಕೇರಳಪ್ಪಿರವಿ, ಊರಿನ ಕನ್ನಡ ಸಂಘದಲ್ಲಿ ರಾಜ್ಯೋತ್ಸವ, ಎರಡಕ್ಕೂ ಮಕ್ಕಳನ್ನು ಸಿಂಗರಿಸಿ ಕಳುಹಿಸಬೇಕು.

ಇವೆಲ್ಲಕ್ಕಿಂತ ಮೇಲೆ ಶಾಲಾ ಕಲೋತ್ಸವ, ಅಂದರೆ ಶಾಲೆಮಕ್ಕಳ ಕಲಾಸ್ಪರ್ಧೆಗಳ ಹಬ್ಬ. ಕೇರಳದಲ್ಲಿ ಮಕ್ಕಳನ್ನು ಓದಿಸುವವರಿಗೆ ಈ ಪದದ ತೂಕ ಗೊತ್ತು. ರಾಜ್ಯಮಟ್ಟದ ಕಲೋತ್ಸವ 2019ರಲ್ಲಿ ನಮ್ಮ ಜಿಲ್ಲೆಯ ಕಾಞಂಗಾಡಿನಲ್ಲೇ ನಡೆದದ್ದು ನವೆಂಬರ್ ಕೊನೆಯಲ್ಲಿ. ನಮ್ಮ ಕಡೆಯ ಉಪಜಿಲ್ಲಾ ಸ್ಪರ್ಧೆಗಳೂ ಸಾಮಾನ್ಯವಾಗಿ ಅದೇ ತಿಂಗಳ ಸುತ್ತಮುತ್ತ ಬರುತ್ತವೆ. ಮಗಳು ಯಕ್ಷಗಾನದ ತಂಡದಲ್ಲಿ ಇರುವುದರಿಂದ ಸಂಜೆಯ ಅಭ್ಯಾಸಕ್ಕೆ ಬಿಡುವುದು, ಕಾಯುವುದು, ಕರೆತರುವುದು ನನ್ನ ಪಾಲಿಗೆ. ಕಾಯುವಾಗ ಬರೆಯಬಹುದಲ್ಲ ಎಂದು ಕೇಳುವವರು ಚೆಂಡೆಯ ಪಕ್ಕದಲ್ಲಿ ಕುಳಿತು ಸಂಭಾಷಣೆ ಬರೆದು ನೋಡಬೇಕು. ಈ ಸವಾಲಿನಿಂದ ನನಗೆ ದಕ್ಕಿದ್ದು ಅರ್ಧಕ್ಕೆ ನಿಂತ ಒಂದು ಕಡತ ಮತ್ತು ಅದರೊಳಗಿನ ಒಬ್ಬ ಒಳ್ಳೆಯ ಅಜ್ಜ. ಅಜ್ಜನನ್ನು ಬೇರೆ ಕಥೆಗೆ ಸ್ಥಳಾಂತರಿಸಿದ್ದೇನೆ.

ಮೂರನೆಯದು ವಿಶೇಷಾಂಕಗಳ, ಕಥಾಸ್ಪರ್ಧೆಗಳ ಗಡುವು. ಖರ್ಚಿಲ್ಲದ ಕ್ರಮ, ಬಹುಮಾನ ಬಂದರೆ ವರಮಾನವೂ ಉಂಟು, ಪದಮಿತಿ ಇರುವುದರಿಂದ ಕಥೆ ಹರಡಿಕೊಳ್ಳುವುದಿಲ್ಲ. ಆದರೆ ದೀಪಾವಳಿ ಸಂಚಿಕೆಗಳಿಗೆ ಕಥೆ ಕಳುಹಿಸುವ ಗಡುವು ಹೆಚ್ಚಾಗಿ ಮಳೆಗಾಲದ ಒಳಗೇ ಬರುತ್ತದೆ, ಮತ್ತು ಜಿಲ್ಲಾಧಿಕಾರಿಗಳು ಮಳೆಯ ರಜೆ ಘೋಷಿಸುವುದು ಕಥೆಯ ಕೊನೆಯ ಪುಟಕ್ಕಾಗಿ ನಾನು ತೆಗೆದಿಟ್ಟುಕೊಂಡ ದಿನಕ್ಕೇ. ಮಕ್ಕಳಿಬ್ಬರೂ ಮನೆಯಲ್ಲಿ, ಕರೆಂಟು ಇಲ್ಲ, ಹಪ್ಪಳ ಕಾಯಿಸಿ ಕೊಡು ಎಂಬ ಬೇಡಿಕೆ. ವರ್ಷಕ್ಕೆ ಒಂದು ಕಥೆಗೆ ಇದು ಸಾಕು. ಕಾದಂಬರಿಗೆ ಇದರಿಂದ ಪ್ರಯೋಜನವಿಲ್ಲ.

ನಾಲ್ಕನೆಯದು ನನ್ನ ಮೆಚ್ಚಿನದು: 200 ಪುಟದ ಗೆರೆಹಾಕಿದ ಉದ್ದ ಪುಸ್ತಕ, ವಾರಕ್ಕೊಂದು ದೃಶ್ಯ. ದೃಶ್ಯ ಎಂದರೆ ನನ್ನ ಲೆಕ್ಕದಲ್ಲಿ ಒಂದು ಜಾಗ, ಒಂದು ಹೊತ್ತು, ಅಲ್ಲಿ ಇಬ್ಬರು. ಅವರಲ್ಲಿ ಒಬ್ಬರಿಗೆ ಏನೋ ಬೇಕು, ಇನ್ನೊಬ್ಬರು ಅದನ್ನು ಕೊಡುವುದಿಲ್ಲ, ಅಥವಾ ಕೊಟ್ಟರೂ ಬೇಕಾದ ಹಾಗೆ ಕೊಡುವುದಿಲ್ಲ. ಇದು ಎರಡು ಪುಟವೂ ಆಗಬಹುದು, ಏಳು ಪುಟವೂ ಆಗಬಹುದು, ಎಣಿಸುವ ಅಗತ್ಯವಿಲ್ಲ. ಭಾನುವಾರ ರಾತ್ರಿ ಎಡಪುಟದಲ್ಲಿ ಮೂರು ನಾಲ್ಕು ಸಾಲಿನ ಟಿಪ್ಪಣಿ; ಮುಂದಿನ ಭಾನುವಾರದೊಳಗೆ ಬಲಪುಟದಲ್ಲಿ ದೃಶ್ಯ. ನಡುವಿನ ದಿನಗಳಲ್ಲಿ ಯಾವಾಗ, ಎಷ್ಟು ಹೊತ್ತು ಎಂಬ ನಿಯಮವಿಲ್ಲ. ಒಂದೇ ನಿಯಮ, ವಾಕ್ಯವನ್ನು ಮುಗಿಸದೆ ಏಳಬೇಕಾಗಿ ಬಂದರೆ ಹಾಗೆಯೇ ಬಿಟ್ಟು ಏಳುವುದು.

ಈಚಿನ ಒಂದು ಎಡಪುಟದಲ್ಲಿ ಹೀಗಿದೆ: ‘ಅಂಗಳ. ಸಂಜೆ. ಒಣಗಲು ಹಾಕಿದ ಅಡಿಕೆ. ಮೋಡ. ಅವಳಿಗೆ ತವರಿಗೆ ಹೋಗಬೇಕು. ಅವನು ಮೋಡದ ಬಗ್ಗೆಯೇ ಮಾತಾಡುತ್ತಾನೆ.’ ಇಷ್ಟು ಬರೆದಿಟ್ಟ ಮೇಲೆ ವಾರವಿಡೀ ಆ ಇಬ್ಬರು ನನ್ನ ಜೊತೆ ಇದ್ದರು. ಚಾಲಿ ಅಡಿಕೆ, ಅಂದರೆ ಬೇಯಿಸದೆ ಬಿಸಿಲಿನಲ್ಲಿ ಒಣಗಿಸುವ ಹಣ್ಣಡಿಕೆ, ಚೆನ್ನಾಗಿ ಒಣಗಲು 35ರಿಂದ 40 ದಿನದ ಬಿಸಿಲು ಬೇಕು. ಹೊತ್ತಲ್ಲದ ಹೊತ್ತಿನ ಮಳೆ ಬಂದರೆ ಬೂಸಲು ಹಿಡಿದು ಬೆಲೆ ಇಳಿಯುತ್ತದೆ. ಆ ವಾರದಲ್ಲೊಂದು ಸಂಜೆ ನಿಜವಾಗಿಯೂ ಮೋಡ ಕವಿದು, ನಾವು ಅಡಿಕೆಯನ್ನು ಗುಡ್ಡೆ ಮಾಡಿ ಟರ್ಪಾಲು ಹೊದಿಸುತ್ತಿದ್ದಾಗ, ನನ್ನ ಕಥೆಯ ಗಂಡಸು ಆ ಹೊತ್ತಿನಲ್ಲಿ ತವರಿನ ಮಾತಿಗೆ ಉತ್ತರವಾಗಿ ಏನು ಹೇಳುತ್ತಾನೆ ಎಂಬುದು ಹೊಳೆಯಿತು: ‘ನೀನು ಆ ತುದಿ ಹಿಡಿ.’ ರಾತ್ರಿ ಬಲಪುಟದಲ್ಲಿ ‘ಅವಳು ಟರ್ಪಾಲಿನ ಇನ್ನೊಂದು ತುದಿಯನ್ನು’ ಎಂಬಲ್ಲಿಗೆ ಬರುವಷ್ಟರಲ್ಲಿ ಒಳಗಿನಿಂದ ಕರೆ ಬಂತು. ವಾಕ್ಯ ಎರಡು ದಿನ ಹಾಗೆಯೇ ನಿಂತಿತ್ತು. ಮತ್ತೆ ಪುಸ್ತಕ ತೆರೆದಾಗ ಮುಂದಿನ ಪದ ಯಾವುದೆಂದು ಹುಡುಕಬೇಕಾಗಲಿಲ್ಲ. ಅರ್ಧ ವಾಕ್ಯವೇ ನನ್ನನ್ನು ಅದೇ ಅಂಗಳಕ್ಕೆ ಕರೆದೊಯ್ದಿತು. ಉಳಿದ ಮೂರು ಕ್ರಮಗಳಲ್ಲಿ ನಡುವೆ ಏಳುವುದು ನಷ್ಟದ ಬಾಬತ್ತು. ಇದರಲ್ಲಿ ಹಾಗಲ್ಲ, ಮತ್ತು ಮಕ್ಕಳಿರುವ ಮನೆಯಲ್ಲಿ ಹೋಲಿಕೆ ಮಾಡಬೇಕಾದ ಮುಖ್ಯ ಅಂಶ ನನ್ನ ಮಟ್ಟಿಗೆ ಇದೊಂದೇ.

ದೋಷಗಳು ಇಲ್ಲವೆಂದಲ್ಲ. ಬರೆದದ್ದನ್ನು ಮತ್ತೆ ಟೈಪು ಮಾಡಬೇಕು. ಫೋನಿನಲ್ಲಿರುವ ಗೂಗಲ್ ಕೀಲಿಮಣೆ ಜಿಬೋರ್ಡಿನಲ್ಲಿ 2017ರಿಂದ ಕನ್ನಡದಲ್ಲಿ ಮಾತಾಡಿ ಬರೆಸುವ ಸೌಲಭ್ಯ ಇರುವುದರಿಂದ ಪುಸ್ತಕವನ್ನು ಗಟ್ಟಿಯಾಗಿ ಓದುತ್ತ ಹೋಗುತ್ತೇನೆ. ಪೂರ್ಣವಿರಾಮಗಳನ್ನು ಆಮೇಲೆ ಕೈಯಿಂದ ಹಾಕಿಕೊಳ್ಳುತ್ತೇನೆ. ಅತ್ತೆಯಂಥ ಪಾತ್ರಗಳು ಆಡುವ ಹವ್ಯಕ ಮಾತು ಮಾತ್ರ ಅದಕ್ಕೆ ಸುತರಾಂ ಅರ್ಥವಾಗುವುದಿಲ್ಲ, ಆ ಸಂಭಾಷಣೆಗಳನ್ನು ಬೆರಳಿನಿಂದಲೇ ಒತ್ತಬೇಕು. ಗಟ್ಟಿಯಾಗಿ ಓದುವಾಗ ಕುಂಟುವ ವಾಕ್ಯ ಯಾವುದೆಂದು ಕಿವಿಗೆ ತಿಳಿಯುವುದರಿಂದ ಈ ಇಮ್ಮಡಿ ಕೆಲಸವನ್ನು ನಾನು ಪೂರ್ತಿ ನಷ್ಟಕ್ಕೆ ಬರೆಯುವುದಿಲ್ಲ. ಪುಸ್ತಕದಲ್ಲಿ ಮಗ ನವಿಲು ಬಿಡಿಸಿದ ಪುಟಗಳೂ ಇವೆ.

ದೊಡ್ಡ ದೋಷ ನಿಧಾನ. ವಾರಕ್ಕೊಂದರಂತೆ ವರ್ಷಕ್ಕೆ ಐವತ್ತು ದೃಶ್ಯ ಎನ್ನುವುದು ಕಾಗದದ ಮೇಲಿನ ಲೆಕ್ಕ. ಮದುವೆ, ಕೋಲ, ಪರೀಕ್ಷೆ, ಆಸ್ಪತ್ರೆ ಕಳೆದರೆ ನಲವತ್ತು ಸಿಕ್ಕರೆ ಪುಣ್ಯ. ಎಪ್ಪತ್ತು ದೃಶ್ಯಗಳ ಕಾದಂಬರಿಗೆ ಎರಡು ವರ್ಷ ಬೇಕು. ಬೇಗ ಹೆಸರು ಮಾಡಬೇಕೆನ್ನುವವರಿಗೆ ಇದು ಆಗದು. ಆದರೆ ಇದೇ ಕಾಸರಗೋಡಿನಲ್ಲಿ 1936ರಲ್ಲಿ ಹುಟ್ಟಿದ ಕಾದಂಬರಿಕಾರ್ತಿ ಸಾರಾ ಅಬೂಬಕ್ಕರ್ ನಾಲ್ಕು ಗಂಡುಮಕ್ಕಳ ತಾಯಿ. ಅವರ ಬರಹ ಅಚ್ಚಾಗತೊಡಗಿದ್ದು ವಯಸ್ಸು ನಲವತ್ತು ದಾಟಿದ ಮೇಲೆ. ಎರಡು ವರ್ಷ ಹೆಚ್ಚಾಯಿತೆಂದು ಯಾರಾದರೂ ಹೇಳಿದರೆ ಈ ಲೆಕ್ಕವನ್ನು ಮುಂದಿಡುತ್ತೇನೆ.

ಹಣದ ಮಾತಿಗೆ ಬಂದರೆ ಹೋಲಿಕೆಯೇ ಬೇಡ. ಉದ್ದ ಪುಸ್ತಕಕ್ಕೆ ನೂರು ರೂಪಾಯಿಯೂ ಆಗುವುದಿಲ್ಲ, ವರ್ಷಕ್ಕೆ ಎರಡು ಮೂರು ಸಾಕು. ಆ್ಯಪಿನ ಚಂದಾ ಹಣದಲ್ಲಿ ಒಂದು ಕಾದಂಬರಿಯ ಟೈಪಿಂಗ್ ಕೂಲಿಯ ಒಂದು ಭಾಗವನ್ನಾದರೂ ಕೊಡಬಹುದಿತ್ತು. ಹಾಗೆಂದು ಆ್ಯಪನ್ನು ಯಾರಿಗೂ ಬೇಡವೆನ್ನಲಾರೆ. ಮಕ್ಕಳು ಹಾಸ್ಟೆಲಿನಲ್ಲಿದ್ದು, ಒಬ್ಬರೇ ಕುಳಿತುಕೊಳ್ಳುವ ಗಟ್ಟಿಯಾದ ಒಂದು ಗಂಟೆ ದಿನವೂ ಸಿಗುವವರಿಗೆ, ಅದೂ ಬೆಳಗಿನ ಐದೂವರೆಯ ಆಚೀಚೆ ಅಲ್ಲದ ಗಂಟೆ, ಅದು ಉಪಯೋಗಕ್ಕೆ ಬರಬಹುದು. ಕೊಳ್ಳುವ ಮೊದಲು ಅದರ ದಿನ ಯಾವ ಹೊತ್ತಿಗೆ ಬದಲಾಗುತ್ತದೆ ಎಂದು ಉಚಿತ ಅವಧಿಯಲ್ಲೇ ಪರೀಕ್ಷಿಸಿಕೊಳ್ಳಿ. ಗಡುವಿನ ಕ್ರಮ ಸಣ್ಣಕಥೆಯವರಿಗೆ. ನವೆಂಬರಿನ ಸವಾಲು ತೋಟವೂ ಕಲೋತ್ಸವವೂ ಇಲ್ಲದ ಊರಿನವರಿಗೆ.

ಎಳೆಮಗುವಿನ ತಾಯಿಗೆ ಮಾತ್ರ ವಾರಕ್ಕೊಂದು ದೃಶ್ಯವೂ ಹೆಚ್ಚು. ಆಕೆ ಎಡಪುಟದ ಮೂರು ಸಾಲನ್ನಷ್ಟೇ ವಾರದ ಗುರಿಯಾಗಿ ಇಟ್ಟುಕೊಂಡು ಬಲಪುಟವನ್ನು ಖಾಲಿ ಬಿಡುತ್ತ ಹೋಗಬಹುದು. ಆದರೆ ಪುಸ್ತಕ ಹೊಲಿಗೆಯದ್ದೇ ಇರಲಿ. ಸ್ಪೈರಲ್ ಪುಸ್ತಕದ ಹಾಳೆಗಳನ್ನು ಅಂಬೆಗಾಲಿಕ್ಕುವ ಮಗು ಒಂದು ಮಧ್ಯಾಹ್ನದೊಳಗೆ ಕಿತ್ತು ಮುಗಿಸುತ್ತದೆ.