ಬೇಡದ ಸಾಮಾನು ಮಾರೋಕೆ ಇಬೇನಾ, ಮಾರ್ಕೆಟ್‌ಪ್ಲೇಸಾ, ವಾಟ್ಸಾಪ್ ಗುಂಪಾ?

ಮನೆಯಲ್ಲಿ ಸುಮ್ನೆ ಬಿದ್ದಿರುವ ಸಾಮಾನನ್ನು ಆನ್‌ಲೈನ್‌ನಲ್ಲಿ ಮಾರೋಣ ಅಂತ ಹೊರಟವರು ಮೊದಲು ಕೇಳುವುದು ಯಾವ ಆ್ಯಪ್ ಒಳ್ಳೆಯದು ಅಂತ. ನಾನು ಮೂರು ದಾರಿ ಬಳಸಿ ನೋಡಿದ್ದೇನೆ: ಇಬೇ, ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್, ಅಕ್ಕಪಕ್ಕದವರ ವಾಟ್ಸಾಪ್ ಗುಂಪು. ನನ್ನ ಪ್ರಕಾರ ಆ್ಯಪ್ ಹುಡುಕುವ ಮೊದಲು ವಸ್ತುವನ್ನು ನೋಡಬೇಕು. ಅದು ಎಷ್ಟು ಭಾರ? ಅದು ಬೇಕು ಅನ್ನುವವರು ಹತ್ತಿರದಲ್ಲೇ ಸಿಗುತ್ತಾರಾ, ಇಲ್ಲಾ ಎಲ್ಲೋ ದೂರದಲ್ಲಿ ಒಬ್ಬಿಬ್ಬರು ಇರುತ್ತಾರಾ? ಇಷ್ಟಕ್ಕೆ ಉತ್ತರ ಸಿಕ್ಕರೆ ಎಲ್ಲಿ ಹಾಕಬೇಕು ಅಂತ ಅರ್ಧ ಗೊತ್ತಾದ ಹಾಗೆ.

ಮಂಚ, ಮೇಜು, ಬೀರು, ಸೈಕಲ್, ಮಗುವಿನ ತೊಟ್ಟಿಲು. ಇವುಗಳಿಗೆ ಕಣ್ಣು ಮುಚ್ಚಿಕೊಂಡು ಮಾರ್ಕೆಟ್‌ಪ್ಲೇಸ್. 2016ರಲ್ಲಿ ಶುರುವಾದ ಇದರಲ್ಲಿ ಕೊಳ್ಳುವವರು ಹತ್ತಿರದವರೇ, ಗಾಡಿ ತಂದು ಹೊತ್ತುಕೊಂಡು ಹೋಗುವ ತಲೆನೋವು ಅವರದ್ದು, ಕೈಯಿಂದ ಕೈಗೆ ಕೊಟ್ಟರೆ ಕಮಿಷನ್ನೂ ಇಲ್ಲ. ಆದರೆ ದುಡ್ಡಿನ ಬದಲು ನಿಮ್ಮ ತಾಳ್ಮೆ ಖರ್ಚಾಗುತ್ತದೆ. ‘ಇನ್ನೂ ಇದೆಯಾ?’ ಅಂತ ಕೇಳೋಕೆ ಅಲ್ಲಿ ಒಂದು ಬಟನ್ನೇ ಇದೆ, ಒತ್ತಿದರೆ ಸಾಕು, ಹಾಗಾಗಿ ಒತ್ತುವವರು ಜಾಸ್ತಿ, ಇದೆ ಅಂತ ನೀವು ಹೇಳಿದ ಮೇಲೆ ಮಾತಾಡುವವರು ಕಡಿಮೆ. ಚೌಕಾಸಿ ಅಂತೂ ತಪ್ಪಿದ್ದಲ್ಲ. ಅದಕ್ಕೇ ನಾನು ಮನಸ್ಸಿನಲ್ಲಿರುವ ಬೆಲೆಗಿಂತ ಸ್ವಲ್ಪ ಮೇಲೆ ಹಾಕುತ್ತೇನೆ. ಸಂಜೆ ಬರ್ತೀನಿ ಅಂದವರು ಬರದೇ ಇದ್ದಾಗ ಬೇಜಾರು ಮಾಡಿಕೊಂಡು ಪ್ರಯೋಜನ ಇಲ್ಲ. ‘ನಿಮಗೋಸ್ಕರ ಎತ್ತಿಡ್ತೀನಿ’ ಅಂತ ಯಾರಿಗೂ ಹೇಳಬೇಡಿ, ಮೊದಲು ಬಂದು ದುಡ್ಡು ಕೊಟ್ಟವರಿಗೆ ಕೊಡ್ತೀನಿ ಅನ್ನಿ. ಅಳತೆಯನ್ನು ಪೋಸ್ಟ್‌ನಲ್ಲೇ ಸೆಂಟಿಮೀಟರ್ ಲೆಕ್ಕದಲ್ಲಿ ಬರೆದು, ಗೀಚು, ಬಿರುಕು, ಕಲೆ ಏನಿದೆಯೋ ಅದರ ಫೋಟೋನೂ ಹಾಕಿಬಿಟ್ಟರೆ ಮನೆ ಬಾಗಿಲಲ್ಲಿ ನಿಂತು ಬೆಲೆ ಇಳಿಸುವವರ ಬಾಯಿ ಕಟ್ಟುತ್ತದೆ.

ದೂರದವರಿಗೂ ಹರಾಜಿನಲ್ಲಿ ಇಲ್ಲವೇ ನಿಗದಿ ಬೆಲೆಗೆ ಮಾರಿ ಪಾರ್ಸಲ್ ಕಳಿಸುವ ತಾಣ ಇಬೇ, ಅದು ಪೂರ್ತಿ ಬೇರೆ ಲೋಕ. ಚಿಕ್ಕದು, ಹಗುರ, ಅಪರೂಪ ಇವು ಮೂರೂ ಸೇರಿದ ವಸ್ತುವಿಗೆ ಅದು ಸರಿ. ಹಳೆಯ ಕ್ಯಾಮೆರಾ ಲೆನ್ಸ್, ಈಗ ಬರದೇ ಇರುವ ಮಾಡೆಲ್‌ನ ರಿಮೋಟ್, ಸೆಟ್‌ನಲ್ಲಿ ಉಳಿದ ಒಂದೇ ಒಂದು ತಟ್ಟೆ. 1995ರಲ್ಲಿ ಆ ತಾಣ ಶುರುವಾದಾಗ ಮೊದಲು ಮಾರಾಟವಾದದ್ದೇ ಕೆಟ್ಟುಹೋದ ಲೇಸರ್ ಪಾಯಿಂಟರ್. ಕೊಂಡವರು ಕೆಟ್ಟ ಪಾಯಿಂಟರ್‌ಗಳನ್ನೇ ಸಂಗ್ರಹಿಸುವವರಂತೆ! ಇಂಥವರು ನಿಮ್ಮ ಬೀದಿಯಲ್ಲಿ ಸಿಗುವುದಿಲ್ಲ ಅಲ್ವಾ?

ಅಲ್ಲಿ ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಮಾರಾಟವಾದ ವಸ್ತುಗಳನ್ನಷ್ಟೇ ತೋರಿಸುವ ಫಿಲ್ಟರ್. ಜನ ಕೇಳುವ ಬೆಲೆ ಬೇರೆ, ನಿಜವಾಗಿ ಕೈಸೇರಿದ ಬೆಲೆ ಬೇರೆ. ಬೇರೆ ಕಡೆ ಮಾರುವುದಾದರೂ ಒಮ್ಮೆ ಇಲ್ಲಿ ಇಣುಕಿ ಬರುವುದು ಲಾಭ. ಹರಾಜಿಗೆ ಹಾಕಬೇಕಾ, ನಿಗದಿ ಬೆಲೆಗಾ ಅನ್ನುವುದನ್ನೂ ಇದೇ ಹೇಳುತ್ತದೆ: ಅಂಥದ್ದೇ ವಸ್ತು ಹತ್ತಾರು ಮಾರಾಟವಾಗಿದ್ದರೆ ನಿಗದಿ ಬೆಲೆ ಸಾಕು, ಒಂದೂ ಕಾಣದೇ ಇದ್ದರೆ ಹರಾಜು. ಏಳು ದಿನ ಇಟ್ಟರೆ ಮಧ್ಯೆ ಒಂದು ವಾರಾಂತ್ಯ ಸಿಗುತ್ತದೆ. ಕೂಗುವವರು ಹೆಚ್ಚಾಗಿ ಕೊನೆಯ ಗಳಿಗೆಯಲ್ಲೇ ಬರುವುದರಿಂದ ನಡುವೆ ಸದ್ದಿಲ್ಲ ಅಂತ ಗಾಬರಿ ಬೇಡ.

ಶುಲ್ಕ ದೇಶದಿಂದ ದೇಶಕ್ಕೆ ಬೇರೆ. ಜರ್ಮನಿಯಲ್ಲಿ 2023ರಲ್ಲಿ, ಬ್ರಿಟನ್ನಿನಲ್ಲಿ 2024ರಲ್ಲಿ ಸಾಮಾನ್ಯ ಜನ ಮಾರುವ ಬಹುತೇಕ ವಸ್ತುಗಳ ಮೇಲೆ ಮಾರುವವರಿಂದ ಕಮಿಷನ್ ತೆಗೆದುಕೊಳ್ಳುವುದನ್ನು ಇಬೇ ನಿಲ್ಲಿಸಿತು. ಅಮೆರಿಕದಲ್ಲಿ ಕಮಿಷನ್ ಇದೆ, ಅದೂ ಸಾಗಣೆ ವೆಚ್ಚ ಸೇರಿದ ಒಟ್ಟು ಮೊತ್ತದ ಮೇಲೆ. ಆದರೆ ಹೊಸಬರಿಗೆ ನಿಜವಾದ ಪೆಟ್ಟು ಕೊಡುವುದು ಪಾರ್ಸಲ್. ಕೊರಿಯರ್‌ನವರು ತೂಕದ ಜೊತೆ ಡಬ್ಬಿಯ ಗಾತ್ರವನ್ನೂ ನೋಡುತ್ತಾರೆ. ಸಾಮಾನ್ಯವಾಗಿ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸುತ್ತಾರೆ. 50, 40, 30ರ ಡಬ್ಬಿ ಅಂದರೆ 12 ಕಿಲೋ ಲೆಕ್ಕ. ಒಳಗಿರುವ ಮೇಜಿನ ದೀಪ 2 ಕಿಲೋ ಇದ್ದರೂ 12ರ ದುಡ್ಡು ಕೊಡಬೇಕು! ಅದಕ್ಕೇ ಪ್ಯಾಕ್ ಮಾಡಿ ಅಳೆದ ಮೇಲಷ್ಟೇ ಬೆಲೆ ಬರೆಯಿರಿ.

ವಾಟ್ಸಾಪ್ ಗುಂಪು ಇವೆಲ್ಲಕ್ಕಿಂತ ಬೇಗ. ಫೋಟೋ ಹಾಕಿದ ಸ್ವಲ್ಪ ಹೊತ್ತಿಗೆ ಬೇಕೋ ಬೇಡವೋ ಗೊತ್ತಾಗುತ್ತದೆ, ಮುಖ ಪರಿಚಯ ಇರುವುದರಿಂದ ಮೋಸದ ಭಯವೂ ಕಡಿಮೆ. ತೊಂದರೆ ಇರುವುದು ಮುಲಾಜಿನಲ್ಲಿ. ಪರಿಚಯದವರ ಹತ್ತಿರ ಬೆಲೆ ಗಟ್ಟಿಯಾಗಿ ಹೇಳೋಕೆ ಆಗಲ್ಲ, ಇವತ್ತು ಕೊಟ್ಟ ಇಸ್ತ್ರಿ ಪೆಟ್ಟಿಗೆ ಮುಂದಿನ ತಿಂಗಳು ಕೆಟ್ಟರೆ ಮೆಟ್ಟಿಲ ಮೇಲೆ ಸಿಕ್ಕಾಗಲೆಲ್ಲ ಅದೇ ಮಾತು. ಹಾಗಾಗಿ ನಾನು ಅಲ್ಲಿ ಕರೆಂಟಿನ ಸಾಮಾನು ಹಾಕುವುದಿಲ್ಲ. ಗಿಡದ ಕುಂಡ, ಪುಸ್ತಕ, ಆಟಿಕೆ, ಪಾತ್ರೆಗಳಿಗೆ ಮಾತ್ರ ಆ ಗುಂಪು.

ಮೋಸದ ವಿಷಯ ಯಾವ ದಾರಿಗೂ ಒಂದೇ. ವಸ್ತುವನ್ನು ನೋಡದೆ, ಬೆಲೆ ಕೇಳದೆ ‘ತಗೋತೀನಿ, ನಮ್ಮ ಕಡೆಯವರನ್ನು ಕಳಿಸ್ತೀನಿ’ ಅನ್ನುವವರನ್ನು ಅಲ್ಲೇ ಬಿಡಿ. ‘ಜಾಸ್ತಿ ದುಡ್ಡು ಬಂದುಬಿಟ್ಟಿದೆ, ಮಿಕ್ಕಿದ್ದು ವಾಪಸ್ ಹಾಕಿ’ ಅಂದರೆ ಬಂದ ಮೆಸೇಜನ್ನು ನಂಬಬೇಡಿ, ಬ್ಯಾಂಕ್ ಖಾತೆ ತೆರೆದು ನೋಡಿ. ನೀವು ನಿಜವಾದ ವ್ಯಕ್ತಿ ಹೌದಾ ಅಂತ ತಿಳಿಯೋಕೆ ಒಂದು ಕೋಡ್ ಕಳಿಸಿದ್ದೀನಿ, ಅದನ್ನು ಹೇಳಿ ಅಂದರೆ ನಿಮ್ಮ ನಂಬರಿನಲ್ಲಿ ಯಾವುದೋ ಖಾತೆ ತೆರೆಯುತ್ತಿದ್ದಾರೆ ಅಂತಲೇ ಅರ್ಥ. ಹಳೆಯ ಫೋನ್ ಮಾರುವಾಗ ಮೊದಲು ಅದರಲ್ಲಿರುವ ಗೂಗಲ್ ಅಥವಾ ಆಪಲ್ ಖಾತೆಯಿಂದ ಹೊರಬಂದು ಆಮೇಲೆ ರೀಸೆಟ್ ಮಾಡಿ. ಇಲ್ಲದಿದ್ದರೆ ಕೊಂಡವರಿಗೆ ಫೋನ್ ತೆರೆಯುವುದೇ ಇಲ್ಲ, ಮತ್ತೆ ನಿಮ್ಮ ಹತ್ತಿರವೇ ಬರುತ್ತಾರೆ.

ಬಟ್ಟೆ ಮಾತ್ರ ನನಗೆ ಈ ಮೂರರಲ್ಲೂ ಸರಿಹೋಗಲಿಲ್ಲ. ಸೈಜು ಕೇಳುತ್ತಾರೆ, ಹಾಕಿಕೊಂಡ ಫೋಟೋ ಕೇಳುತ್ತಾರೆ, ಕೊನೆಗೆ ಒಂದು ಶರ್ಟಿಗೆ ಸಿಗುವ ದುಡ್ಡು ಆ ಮಾತುಕತೆಗೂ ಸಾಲದು. ಯುರೋಪಿನಲ್ಲಿ ಇರುವವರಿಗೆ ವಿಂಟೆಡ್ ಅನ್ನುವ ಆ್ಯಪ್ ಇದೆ, 2008ರಲ್ಲಿ ಲಿಥುವೇನಿಯಾದಲ್ಲಿ ಶುರುವಾದದ್ದು, ಮುಖ್ಯವಾಗಿ ಬಟ್ಟೆಗೆ ಇರುವುದರಿಂದ ಸೈಜು, ಬ್ರಾಂಡು ಎಲ್ಲ ಮೊದಲೇ ತುಂಬಿಸಿಕೊಳ್ಳುತ್ತದೆ, ಶುಲ್ಕವೂ ಕೊಳ್ಳುವವರ ಮೇಲೆ. ಅದು ಇಲ್ಲದ ಕಡೆ ನಾನಾದರೆ ಹತ್ತು ಬಟ್ಟೆ ಒಟ್ಟಿಗೆ ಕಟ್ಟಿ ಒಂದೇ ಬೆಲೆ ಹಾಕುತ್ತೇನೆ, ಅದೂ ಹೋಗದಿದ್ದರೆ ಬೇಕಾದವರಿಗೆ ಕೊಟ್ಟುಬಿಡುತ್ತೇನೆ.