ವಿಪತ್ತು ಗುತ್ತಿಗೆದಾರರ ಪಟ್ಟಿ: ಹೆಸರು ಹಾಕಿ, ಆದ್ರೆ ಅದನ್ನೇ ನಂಬಿ ಕೂರಬೇಡಿ

ಹ್ಯೂಸ್ಟನ್ ಹತ್ತಿರ ಜನರೇಟರ್, ಲೈಟ್ ಟವರ್ ಬಾಡಿಗೆಗೆ ಕೊಡುವ ಸಣ್ಣ ಕಂಪನಿ ನಮ್ಮದು. ಅಮೆರಿಕದ ಫೆಡರಲ್ ಸರ್ಕಾರಕ್ಕೆ ಏನಾದರೂ ಮಾರಬೇಕು ಅಂದರೆ ಸ್ಯಾಮ್ ಡಾಟ್ ಗವ್ ಅನ್ನೋ ಜಾಲತಾಣದಲ್ಲಿ ನೋಂದಾಯಿಸಬೇಕು. ಅದರೊಳಗೇ ವಿಪತ್ತು ಕೆಲಸಕ್ಕೆ ಅಂತ ಬೇರೆ ಪಟ್ಟಿ ಇದೆ. ಆ ಪಟ್ಟಿಗೆ ನಾನು ಕೊಡೋದು 5ಕ್ಕೆ 3 ಅಂಕ.

ಮೊದಲು ಒಳ್ಳೆಯದು ಹೇಳ್ತೀನಿ. ಒಂದು ಡಾಲರ್ ಖರ್ಚಿಲ್ಲ. ನೋಂದಣಿಯ ನಡುವೆ ವಿಪತ್ತು ಪಟ್ಟಿಗೆ ಸೇರ್ತೀರಾ ಅಂತ ಕೇಳುತ್ತದೆ. ಹೌದು ಅಂದರೆ ಬಾಂಡ್ (ಕೆಲಸ ಮುಗಿಸದಿದ್ದರೆ ನಷ್ಟ ತುಂಬಿಕೊಡುವ ಖಾತರಿ) ಬಗ್ಗೆ ಪ್ರಶ್ನೆ, ಆಮೇಲೆ ಎಲ್ಲೆಲ್ಲಿ ಕೆಲಸ ಮಾಡ್ತೀರಿ ಅನ್ನೋದು. ಇಡೀ ದೇಶ ಅನ್ನಬಹುದು, ಇಲ್ಲಾ ರಾಜ್ಯ, ಕೌಂಟಿ (ನಮ್ಮ ಜಿಲ್ಲೆ ಇದ್ದ ಹಾಗೆ) ಆರಿಸಬಹುದು. ಲಾರಿ ಹೋಗದ ಊರನ್ನೆಲ್ಲ ಸುಮ್ನೆ ಟಿಕ್ ಮಾಡಬೇಡಿ. ಕಂಪನಿಯ ಹೆಸರು, ವಿಳಾಸ ದಾಖಲೆಯಲ್ಲಿ ಇರೋ ಹಾಗೇ ಇರಲಿ. ಒಂದು ಕಡೆ "ಸ್ಟ್ರೀಟ್", ಇನ್ನೊಂದು ಕಡೆ "ಎಸ್‌ಟಿ" ಅಂತ ಬರೆದು ಆಮೇಲೆ ಒದ್ದಾಡೋದು ಯಾಕೆ?

ಹೆಸರು ಪಟ್ಟಿಗೆ ಬಿದ್ದ ಕೂಡಲೇ ಫೋನ್ ಶುರುವಾಗುತ್ತೆ. "ನಿಮ್ಮ ನೋಂದಣಿ ಅರ್ಧಕ್ಕೆ ನಿಂತಿದೆ, ಇಷ್ಟು ಕಟ್ಟಿದರೆ ವಿಪತ್ತು ಗುತ್ತಿಗೆ ಕೊಡಿಸ್ತೀವಿ." ಮಾತಾಡೋ ಧಾಟಿ ಥೇಟ್ ಸರ್ಕಾರಿ ಅಧಿಕಾರಿಯದ್ದೇ. ಅವರು ಖಾಸಗಿಯವರು. ಪುಕ್ಕಟೆ ಸಿಗೋದನ್ನ ಮಾರ್ತಾ ಇದ್ದಾರೆ, ಅಷ್ಟೇ. ಫೋನ್ ಇಟ್ಟುಬಿಡಿ.

ಇನ್ನು 2 ಅಂಕ ಯಾಕೆ ಕಳೆದೆ? ಈ ಪಟ್ಟಿ ನೋಡೋದು ಫೆಡರಲ್ ಅಧಿಕಾರಿಗಳು. ಸ್ಥಳೀಯ ಕಂಪನಿಗಳಿಗೆ ಆದ್ಯತೆ ಕೊಡಬೇಕು ಅಂತ ವಿಪತ್ತು ಪರಿಹಾರದ ಫೆಡರಲ್ ಕಾನೂನಾದ ಸ್ಟಾಫರ್ಡ್ ಕಾಯ್ದೆ ಹೇಳುತ್ತದೆ, ನಿಜ. ಆದರೆ "ಸಾಧ್ಯವಾದಷ್ಟು ಮಟ್ಟಿಗೆ" ಅಂತ ಒಂದು ಬಾಲವೂ ಇದೆ. ಆ ಬಾಲ ಹಿಡಿದು ಯಾರು ಬೇಕಾದರೂ ತಪ್ಪಿಸಿಕೊಳ್ಳಬಹುದು ಅಲ್ವಾ? ಕತ್ರಿನಾ ಚಂಡಮಾರುತ ಆದಮೇಲೆ 2006ರಲ್ಲಿ ಬಂದ ಕಾನೂನು ಬಿರುಗಾಳಿಗೆ ಮುಂಚೆಯೇ ಗುತ್ತಿಗೆ ಮಾಡಿಟ್ಟುಕೊಳ್ಳಿ ಅಂದಿತು. ಅದು ಸರಿಯೇ. 2017ರಲ್ಲಿ ಪೋರ್ಟೊ ರಿಕೊಗೆ ಬಡಿದ ಮರಿಯಾ ಚಂಡಮಾರುತದ ಹೊತ್ತಿಗೆ, ಇಂಥ ಅನುಭವವೇ ಇಲ್ಲದ ಪುಟ್ಟ ಕಂಪನಿಯೊಂದಕ್ಕೆ 3 ಕೋಟಿ ಊಟದ ಗುತ್ತಿಗೆ ಹೋಯಿತು. 15.6 ಕೋಟಿ ಡಾಲರ್! ತಲುಪಿದ್ದು 50,000 ಊಟ, ಅದರಲ್ಲೂ ಊಟದ ಜೊತೆಗೇ ಇರಬೇಕಿದ್ದ ಬಿಸಿ ಮಾಡೋ ಪೊಟ್ಟಣ ಬೇರೆಯಾಗಿ ಬಂತು. ಕೊನೆಗೆ ಗುತ್ತಿಗೆ ರದ್ದಾಯಿತು. ಮುಂಚೆಯೇ ಪರೀಕ್ಷೆ ಮಾಡಿ ಆರಿಸಿಡಬೇಕು ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಆದರೆ ಮುಂಚೆ ಆರಿಸುವಾಗ ದೊಡ್ಡವರೇ ಸಿಗುತ್ತಾರೆ. ನಮ್ಮಂಥವರು ಅವರ ಕೆಳಗೆ, ಅವರ ಕೆಳಗಿನವರ ಕೆಳಗೆ.

ಬೆರಿಲ್ ಚಂಡಮಾರುತ ಬಂದ 2024ರ ಜುಲೈನಲ್ಲಿ ಇಲ್ಲಿ 20 ಲಕ್ಷಕ್ಕೂ ಹೆಚ್ಚು ಮನೆ, ಅಂಗಡಿಗಳಿಗೆ ಕರೆಂಟ್ ಹೋಯಿತು. ನಮ್ಮ ಲೈಟ್ ಟವರ್‌ಗಳು ಹೋಗಿದ್ದು ಮೂರನೇ ಮೆಟ್ಟಿಲ ಉಪಗುತ್ತಿಗೆಯಲ್ಲಿ. ಕರಾರಿನಲ್ಲಿ ಒಂದು ಸಾಲು: ಮೇಲಿನವರಿಗೆ ದುಡ್ಡು ಬಂದಮೇಲೆ ನಿಮಗೆ. ಡೀಸೆಲ್ ಬಂಕಿನವನು ಹಾಗೆ ಕಾಯ್ತಾನಾ? ಫೆಡರಲ್ ಸರ್ಕಾರದ ಹೋಮ್‌ಲ್ಯಾಂಡ್ ಸೆಕ್ಯುರಿಟಿ (ಆಂತರಿಕ ಭದ್ರತೆ) ಇಲಾಖೆಯ ಕೆಲವು ಬಗೆಯ ವಿಪತ್ತು ಗುತ್ತಿಗೆಗಳಲ್ಲಿ ವೆಚ್ಚದ ಶೇ. 65ಕ್ಕಿಂತ ಜಾಸ್ತಿ ಉಪಗುತ್ತಿಗೆಗೆ ಕೊಡುವಂತಿಲ್ಲ ಅಂತ ಅದೇ 2006ರ ಕಾನೂನು ಮಿತಿ ಹಾಕಿದೆ. ಕೌಂಟಿ ಕೊಡುವ ಕೆಲಸಕ್ಕೆ ಆ ಮಿತಿ ತಾಗೋದಿಲ್ಲ.

ಹೊಸಬರಿಗೆ ಗೊತ್ತಿರದ ಸಂಗತಿಯೂ ಇದೇ. ಕಸ ಎತ್ತೋದು, ರಸ್ತೆ ಸರಿಮಾಡೋದು ಇವನ್ನೆಲ್ಲ ಬಹುಪಾಲು ಕೊಳ್ಳೋದು ಕೌಂಟಿ, ನಗರಸಭೆಗಳು. ಫೆಡರಲ್ ಸರ್ಕಾರದ ವಿಪತ್ತು ನಿರ್ವಹಣಾ ಸಂಸ್ಥೆ ಫೆಮಾ ಆಮೇಲೆ ಕನಿಷ್ಠ ಶೇ. 75 ಹಣ ತುಂಬಿಕೊಡುತ್ತೆ. ಹಾಗಾಗಿ ಫೆಡರಲ್ ಪಟ್ಟಿ ಜೊತೆಗೆ ಕೌಂಟಿಯ ವೆಂಡರ್ ಪಟ್ಟಿಗೂ ಹೆಸರು ಹಾಕಿ. ಬಿರುಗಾಳಿಗೆ ಮುಂಚೆಯೇ ಮಾಡಿಟ್ಟ ಗುತ್ತಿಗೆ ಯಾರ ಕೈಲಿದೆ ಅಂತ ಖರೀದಿ ವಿಭಾಗದಲ್ಲಿ ಕೇಳಿ, ಆ ಕಂಪನಿಗೆ ನೀವೇ ಫೋನ್ ಮಾಡಿ.

ನಿಯಮ ತಿದ್ದೋರು ಕೇಳೋದಾದರೆ ನನ್ನದು ಒಂದೇ ಬೇಡಿಕೆ. ದೊಡ್ಡ ಗುತ್ತಿಗೆದಾರರು ಈ ಪಟ್ಟಿಯ ಸ್ಥಳೀಯರಲ್ಲಿ ಯಾರನ್ನು ಕರೆದರು, ಯಾಕೆ ಬಿಟ್ಟರು ಅಂತ ಬಿಲ್ ಜೊತೆಗೇ ಬರೆದು ಕೊಡಲಿ. ಬರೆಯದಿದ್ದರೆ ಬಿಲ್ ತಡೆಯಿರಿ.

ಅಂದಹಾಗೆ, ನೋಂದಣಿ ವರ್ಷಕ್ಕೊಮ್ಮೆ ನವೀಕರಿಸಬೇಕು. ಚಂಡಮಾರುತದ ಕಾಲ ಜೂನ್ 1ಕ್ಕೆ ಶುರು. ಮಾರ್ಚ್‌ನಲ್ಲೇ ಮುಗಿಸಿಕೊಳ್ಳಿ.