ಶಿರಾಡಿ ಏರಿನಲ್ಲಿ ಮೂರು ಪೆಟ್ರೋಲ್ ಎಂಜಿನ್: ವೇರಿಯಬಲ್ ಇಂಟೇಕ್, ಮಾಮೂಲಿ ಇಂಟೇಕ್, ಟರ್ಬೊ

ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ವೇರಿಯಬಲ್ ಇಂಟೇಕ್, ಅಂದರೆ ಎಂಜಿನ್‌ಗೆ ಗಾಳಿ ಹೋಗುವ ಕೊಳವೆಯ ಉದ್ದ ಬದಲಾಗುವ ವ್ಯವಸ್ಥೆ, ಇರುವ ಹಳೇ 1.8 ಲೀಟರ್ ಸೆಡಾನ್‌ಗೆ. ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡ ನನ್ನದೇ ಗಾಡಿ ಅದು, ಹಾಗಾಗಿ ಇದು ನಡುವೆ ನಿಂತು ಬರೆದ ಹೋಲಿಕೆ ಅಲ್ಲ. ಜೊತೆಗೆ ಓಡಿಸಿ ನೋಡಿದ್ದು ಇನ್ನೆರಡು. ಒಂದು ಆಫೀಸಿನ ಗೆಳೆಯನ ಸೆಡಾನ್, ಅದೂ 1.8 ಲೀಟರ್, ಆದರೆ ಇಂಟೇಕ್ ಮಾಮೂಲಿ. ಇನ್ನೊಂದು ಭಾವಮೈದುನನ ಒಂದು ಲೀಟರ್, ಮೂರು ಸಿಲಿಂಡರ್ ಟರ್ಬೊ, ಅಂದರೆ ಹೊಗೆಯ ರಭಸಕ್ಕೆ ತಿರುಗುವ ಪಂಪ್ ಗಾಳಿಯನ್ನು ಒತ್ತಿ ತುಂಬುವ ಎಂಜಿನ್. ಮೂರೂ ಮ್ಯಾನ್ಯುಯಲ್. ಕಂಪನಿ ಹೆಸರು ಹೇಳುವುದಿಲ್ಲ, ಹೇಳಿದರೆ ಮಾತು ಎಂಜಿನ್ ಬಿಟ್ಟು ಅಭಿಮಾನಿಗಳ ಜಗಳಕ್ಕೆ ಹೋಗುತ್ತದೆ. ದಾರಿ ನಾನು ಯಾವಾಗಲೂ ಓಡಾಡುವ ಬೆಂಗಳೂರು–ಮಂಗಳೂರು, ಶಿರಾಡಿ ಮೇಲೆ.

ಸಿಲಿಂಡರ್‌ಗೆ ಗಾಳಿ ಬಿಡುವ ಇಂಟೇಕ್ ವಾಲ್ವ್ ಪಟ್ ಅಂತ ಮುಚ್ಚಿದಾಗ ನುಗ್ಗಿ ಬರುತ್ತಿದ್ದ ಗಾಳಿ ಏನಾಗಬೇಕು? ಬಸ್ಸಿಗೆ ಸಡನ್ ಬ್ರೇಕ್ ಬಿದ್ದರೆ ನಿಂತವರೆಲ್ಲ ಮುಂದಕ್ಕೆ ಒತ್ತಿಕೊಂಡು ಆಮೇಲೆ ಹಿಂದಕ್ಕೆ ವಾಲುತ್ತಾರಲ್ಲ, ಹಾಗೆ ಗಾಳಿಯೂ ವಾಲ್ವ್ ಹತ್ತಿರ ಒತ್ತಿಕೊಂಡು ಪೈಪಿನಲ್ಲಿ ಹಿಂದಕ್ಕೆ ಒಂದು ಅಲೆ ಕಳಿಸುತ್ತದೆ. ಆ ಅಲೆ ಪೈಪಿನ ಆಚೆ ತುದಿಗೆ ಹೋಗಿ ಮರಳಿ ಬರುತ್ತದೆ. ಬರುವ ಹೊತ್ತಿಗೆ ವಾಲ್ವ್ ತೆರೆದಿದ್ದರೆ ಸಿಲಿಂಡರ್‌ಗೆ ಸ್ವಲ್ಪ ಗಾಳಿ ಬಿಟ್ಟಿಯಾಗಿ ಸಿಕ್ಕಿತು ಅಂತಲೇ ಲೆಕ್ಕ. ತೊಂದರೆ ಏನೆಂದರೆ, 3000 ಆರ್‌ಪಿಎಂನಲ್ಲಿ, ಅಂದರೆ ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ, ಒಂದು ವಾಲ್ವ್ ತೆರೆದು ಮತ್ತೆ ತೆರೆಯಲು 40 ಮಿಲಿಸೆಕೆಂಡ್ ಬೇಕು. 6000ದಲ್ಲಿ 20 ಸಾಕು. ಅಲೆ ಮಾತ್ರ ಶಬ್ದದ ವೇಗದಲ್ಲಿ ಹೋಗುತ್ತದೆ, ಎಂಜಿನ್ ಎಷ್ಟು ಜೋರಾಗಿ ತಿರುಗುತ್ತಿದೆ ಅಂತ ಅದಕ್ಕೇನು ಗೊತ್ತು? ಹಾಗಾಗಿ ಪೈಪಿನ ಉದ್ದವನ್ನೇ ಬದಲಿಸಬೇಕು. ಕೆಳಗಿನ ಆರ್‌ಪಿಎಂಗೆ ಉದ್ದ, ಮೇಲಿನದಕ್ಕೆ ಗಿಡ್ಡ. ನನ್ನ ಗಾಡಿಯ ಮ್ಯಾನಿಫೋಲ್ಡ್‌ನಲ್ಲಿ, ಅಂದರೆ ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಕೊಳವೆಗಳ ಗುಂಪಿನಲ್ಲಿ, ಇವೆರಡು ದಾರಿಗಳಿವೆ, ಯಾವುದು ಅಂತ ನಿರ್ಧರಿಸಲು ಒಂದು ಫ್ಲಾಪ್ ಇದೆ. ವಿವಿಟಿ (ವೇರಿಯಬಲ್ ವಾಲ್ವ್ ಟೈಮಿಂಗ್) ಬೇರೆ, ಇದು ಬೇರೆ. ವಿವಿಟಿಯಲ್ಲಿ ಬದಲಾಗುವುದು ವಾಲ್ವ್ ತೆರೆಯುವ, ಮುಚ್ಚುವ ಸಮಯ.

ಇದೆಲ್ಲ ಬ್ರೋಷರ್ ತುಂಬಿಸುವ ಮಾತು ಅನ್ನುವವರಿಗೆ ಒಂದು ವಿಷಯ. 1991ರಲ್ಲಿ ಲೆ ಮಾನ್ಸ್ 24 ಗಂಟೆಗಳ ರೇಸ್ ಗೆದ್ದ ಮಾಜ್ದಾ 787ಬಿ ರೋಟರಿ ಎಂಜಿನ್‌ನ ಇಂಟೇಕ್ ಕೊಳವೆಗಳು ಆರ್‌ಪಿಎಂ ಏರಿದಂತೆ ಉದ್ದ ಬದಲಿಸುತ್ತಿದ್ದವು. ಬಿಎಂಡಬ್ಲ್ಯು 2001ರಲ್ಲಿ ಅಂಥದ್ದನ್ನೇ ತನ್ನ ವಿ8 ಎಂಜಿನ್‌ಗೆ ಹಾಕಿ ರಸ್ತೆಗಿಳಿಸಿತು. ಫಾರ್ಮುಲಾ ಒನ್‌ನಲ್ಲಿ 2006ರಿಂದ ಇದನ್ನು ನಿಷೇಧಿಸಿ, 2015ರಲ್ಲಿ ಮತ್ತೆ ಬಿಟ್ಟರು. ಉಪಯೋಗವೇ ಇಲ್ಲದ್ದನ್ನು ಯಾರೂ ನಿಷೇಧಿಸಲ್ಲ, ಅಲ್ವಾ?

ಹಾಗಂತ ಪವರ್ ಏನೂ ದುಪ್ಪಟ್ಟಾಗಲ್ಲ. ಗೊತ್ತಾಗುವುದು ಎಳೆತದಲ್ಲಿ. ಗುಂಡ್ಯ ದಾಟಿ ಏರು ಶುರುವಾದ ಮೇಲೆ ಮೂರನೇ ಗೇರಿನಲ್ಲಿ 2200ಕ್ಕೆ ಇಳಿದರೂ ಗಾಡಿ ಗೊಣಗುವುದಿಲ್ಲ. ಮುಂದೆ ಬುಲೆಟ್ ಟ್ಯಾಂಕರ್ ತೆವಳುತ್ತಿದೆ, ಎದುರು ರಸ್ತೆ ಖಾಲಿ ಕಂಡಿತು, ಎರಡಕ್ಕೆ ಹಾಕಿ ತುಳಿದರೆ 4500 ದಾಟುವಾಗ ಎಂಜಿನ್ ದನಿ ಒಮ್ಮೆ ದಪ್ಪಗಾಗಿ ಮತ್ತೆ ಹಿಡಿದುಕೊಳ್ಳುತ್ತದೆ. ಅದೇ ಫ್ಲಾಪ್ ತೆರೆದ ಗಳಿಗೆ. ಗೆಳೆಯನ ಗಾಡಿಯೂ ಕೆಳಗೆ ಇಷ್ಟೇ ಚೆನ್ನಾಗಿ ಎಳೆಯುತ್ತದೆ, ಆದರೆ 4500ರ ಮೇಲೆ ಸದ್ದು ಜಾಸ್ತಿ, ಓಟ ಕಮ್ಮಿ. ಊರೊಳಗೆ ಎರಡಕ್ಕೂ ವ್ಯತ್ಯಾಸ ಹುಡುಕುವುದು ದಂಡ.

ಈಗ ತಲೆನೋವಿನ ಕಥೆ. ಕಳೆದ ಮಳೆಗಾಲದ ಹೊತ್ತಿಗೆ ನನ್ನ ಗಾಡಿ ಕೆಳಗಿನ ಎಳೆತ ಕಳೆದುಕೊಂಡಿತು. ಮೂರನೇ ಗೇರಿನಲ್ಲಿ ಏರುತ್ತಿದ್ದ ಕಡೆ ಎರಡು ಬೇಕಾಯಿತು. ಮೇಲಿನ ಆರ್‌ಪಿಎಂನಲ್ಲಿ ಮಾತ್ರ ಎಂದಿನಂತೆ ಚುರುಕು. ಮೀಟರ್‌ನಲ್ಲಿ ಯಾವ ಲೈಟೂ ಇಲ್ಲ, ಏಕೆಂದರೆ ನನ್ನ ಗಾಡಿಯಲ್ಲಿ ಫ್ಲಾಪ್ ಎಲ್ಲಿದೆ ಅಂತ ನೋಡುವ ಸೆನ್ಸರ್ ಇಲ್ಲ. ಒಂದು ಗ್ಯಾರೇಜಿನವರು ಸ್ಪಾರ್ಕ್ ಪ್ಲಗ್ ಹಾಕಿದರು, ಥ್ರಾಟಲ್ ಬಾಡಿ ತೊಳೆದರು. ಇನ್ನೊಬ್ಬರು ಕ್ಲಚ್ ಪ್ಲೇಟ್ ಹೋಗಿದೆ ಅಂದರು. ಸರ್ವಿಸ್ ಸೆಂಟರಿನಲ್ಲಿ ಮ್ಯಾನಿಫೋಲ್ಡ್ ಮೇಲೆ ಅನುಮಾನವೇನೋ ಬಂತು, ಆದರೆ ಬಿಡಿ ಭಾಗ ಸಿಗಲ್ಲ, ಪೂರ್ತಿ ಅಸೆಂಬ್ಲಿಯೇ ಬದಲಿಸಬೇಕು ಅಂತ 40 ಸಾವಿರದ ಎಸ್ಟಿಮೇಟ್ ಕೈಗಿಟ್ಟರು.

ಕೊನೆಗೆ ಹಾಸನದ ಒಬ್ಬ ಹಳೇ ಮೆಕ್ಯಾನಿಕ್ ಬಾನೆಟ್ ಎತ್ತಿ, "ಸ್ಟಾರ್ಟ್ ಮಾಡಿ ಸಾರ್, ಆಕ್ಸಿಲರೇಟರ್ ಮುಟ್ಟಬೇಡಿ" ಅಂದರು. ಮ್ಯಾನಿಫೋಲ್ಡ್ ಪಕ್ಕದಲ್ಲಿ ಸಣ್ಣ ತಟ್ಟೆಯಂಥ ಡಯಾಫ್ರಂ, ಅದರಿಂದ ಹೊರಟ ತೆಳ್ಳಗಿನ ಲೋಹದ ಕಡ್ಡಿ. ಎಂಜಿನ್ ಎದ್ದ ಕೂಡಲೇ ಅದು ಗಾಳಿ ಹೀರುವಾಗ ಹುಟ್ಟುವ ವ್ಯಾಕ್ಯೂಮ್ ಆ ಕಡ್ಡಿಯನ್ನು ಒಳಕ್ಕೆ ಎಳೆದು ಫ್ಲಾಪ್ ಮುಚ್ಚಬೇಕು, ಆಗ ಉದ್ದ ದಾರಿ. ನನ್ನದು ಅಲುಗಲೇ ಇಲ್ಲ. ಅಂದರೆ ಅಷ್ಟು ಕಾಲವೂ ಗಿಡ್ಡ ದಾರಿಯಲ್ಲೇ ಓಡುತ್ತಿತ್ತು. ಅವರು ಡಯಾಫ್ರಂಗೆ ಹೋಗುವ ಬೆರಳುದ್ದದ ಕಪ್ಪು ರಬ್ಬರ್ ಪೈಪ್ ಬಿಚ್ಚಿ ಬಗ್ಗಿಸಿದರು. ನೆಟ್ಟಗಿದ್ದಾಗ ಏನೂ ಕಾಣದ ಪೈಪು ಬಗ್ಗಿಸಿದ ಕಡೆ ಬಾಯಿ ಬಿಟ್ಟಿತು. ಎಂಜಿನ್ ಬಿಸಿಗೆ ರಬ್ಬರ್ ಗಟ್ಟಿಯಾಗಿ ಸೀಳಿತ್ತು.

ಅವರ ಹತ್ತಿರ ಆ ಅಳತೆಯದು ಇರಲಿಲ್ಲ. ಬೆಂಗಳೂರಿಗೆ ಬಂದು ಜೆ.ಸಿ. ರಸ್ತೆಯಲ್ಲಿ ವ್ಯಾಕ್ಯೂಮ್ ಹೋಸ್ ತುಂಡು ಹಾಕಿಸಿಕೊಂಡೆ. ನೂರು ರೂಪಾಯಿಯೂ ಆಗಲಿಲ್ಲ. ಹಾಗೇ ಫ್ಲಾಪ್ ಅಕ್ಷಕ್ಕೆ ಹಿಡಿದಿದ್ದ ಎಣ್ಣೆ ಜಿಡ್ಡು, ಮಸಿಯನ್ನೂ ತೆಗೆಸಿದೆ. ಅದು ಬಿಟ್ಟರೆ ಮುಂದೆ ಫ್ಲಾಪ್ ಕಚ್ಚಿಕೊಳ್ಳುತ್ತದೆ. ಮಾಮೂಲಿ ಇಂಟೇಕ್‌ನಲ್ಲಿ ಈ ರಗಳೆ ಒಂದೂ ಇಲ್ಲ, ಗೆಳೆಯ ಇದನ್ನು ಈಗಲೂ ಆಡಿ ತೋರಿಸುತ್ತಾನೆ.

ಟರ್ಬೊ ಬಗ್ಗೆ ನ್ಯಾಯವಾಗಿ ಹೇಳಬೇಕು. ಇಂಥ ಒಂದು ಲೀಟರ್ ಎಂಜಿನ್‌ಗಳು 170 ಎನ್‌ಎಂ (ನ್ಯೂಟನ್ ಮೀಟರ್) ಆಸುಪಾಸಿನ ಟಾರ್ಕನ್ನು, ಅಂದರೆ ತಿರುಗಿಸುವ ಬಲವನ್ನು, 1750 ಆರ್‌ಪಿಎಂ ಹೊತ್ತಿಗೇ ಕೊಟ್ಟುಬಿಡುತ್ತವೆ. ನನ್ನದು ಅಷ್ಟು ಕೊಡಲು 4000 ದಾಟಬೇಕು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಎತ್ತರದಲ್ಲಿದೆ, ಇಲ್ಲಿ ಗಾಳಿಯೇ ಶೇಕಡಾ ಎಂಟು-ಒಂಬತ್ತು ತೆಳು. ಟರ್ಬೊ ಇಲ್ಲದ ಎಂಜಿನ್ ಅಷ್ಟನ್ನು ಸುಮ್ನೆ ಕಳೆದುಕೊಳ್ಳುತ್ತದೆ, ಟರ್ಬೊಗೆ ಅದರ ಬಿಸಿ ತಟ್ಟುವುದು ಕಮ್ಮಿ. ಹಾಸನದವರೆಗಿನ ನಾಲ್ಕು ಪಥದಲ್ಲಿ ಭಾವಮೈದುನನ ಗಾಡಿ ನನ್ನದನ್ನು ಆರಾಮಾಗಿ ಹಿಂದೆ ಹಾಕುತ್ತದೆ.

ಆದರೆ ಚಾರ್ಮಾಡಿಯ ಹೇರ್‌ಪಿನ್‌ನಲ್ಲಿ, ಎಸಿ ಹಾಕಿಕೊಂಡು, ಎರಡನೇ ಗೇರಿನಲ್ಲಿ ತಿರುಗಿಸಿ 1400ಕ್ಕೆ ಇಳಿದರೆ ಒಂದು ಗಳಿಗೆ ಏನೂ ಆಗುವುದಿಲ್ಲ. ಆಮೇಲೆ ಎಲ್ಲ ಒಟ್ಟಿಗೆ ಬರುತ್ತದೆ, ಒದ್ದೆ ರಸ್ತೆಯಲ್ಲಿ ಮುಂದಿನ ಚಕ್ರ ಜಾರುತ್ತದೆ. ನನ್ನದರಲ್ಲಿ ಪಾದ ಎಷ್ಟು ಒತ್ತಿತೋ ಅಷ್ಟೇ ಉತ್ತರ. ಘಾಟಿಯಲ್ಲಿ ನನಗೆ ಬೇಕಿರುವುದು ಇದೇ.

ಮೈಲೇಜ್‌ನಲ್ಲಿ ಮೂರಕ್ಕೂ ಜಗಳವಾಡುವಷ್ಟು ಅಂತರ ಸಿಗಲಿಲ್ಲ. ಕಂಪನಿಯ ಏರ್ ಫಿಲ್ಟರ್ ತೆಗೆದು ತೆರೆದ ಕೋನ್ ಫಿಲ್ಟರ್ ಹಾಕಿಸಿ ಅನ್ನುವವರ ಮಾತು ಕೇಳಬೇಡಿ, ಬಾನೆಟ್ ಒಳಗಿನ ಬಿಸಿ ಗಾಳಿ ಕುಡಿದು ಸದ್ದು ಮಾಡುತ್ತದೆ ಅಷ್ಟೇ.

ನನ್ನ ಬಜೆಟ್ 5 ಲಕ್ಷದೊಳಗೆ, ಓಡಾಟ ಘಾಟಿಯಲ್ಲಿ, ಗೇರ್ ಬದಲಿಸಲು ಬೇಜಾರಿಲ್ಲ. ಹೊಸದೇ ಬೇಕು, ಹೈವೇ ಜಾಸ್ತಿ ಅನ್ನುವವರು ಟರ್ಬೊ ಕಡೆ ಹೋಗಿ. ಬಾನೆಟ್ ಎತ್ತಲೇಬಾರದು ಅನ್ನುವವರಿಗೆ ಗೆಳೆಯನ ಗಾಡಿಯಂಥದ್ದು ಸಾಕು. ನನ್ನಂಥದ್ದನ್ನು ನೋಡಲು ಹೋದರೆ, ಇನ್ನೊಬ್ಬರಿಂದ ಸ್ಟಾರ್ಟ್ ಮಾಡಿಸಿ ಆ ಕಡ್ಡಿ ನೋಡಿ. ಕೆಲವು ಗಾಡಿಗಳಲ್ಲಿ ವ್ಯಾಕ್ಯೂಮ್ ಬದಲು ಮೋಟಾರ್ ಇರುತ್ತದೆ, ಇನ್ನು ಕೆಲವದರಲ್ಲಿ ಕಡ್ಡಿ ಆರ್‌ಪಿಎಂ ಏರಿದಾಗಲೇ ಅಲುಗುವುದು, ಮೊದಲು ಯಾವ ಬಗೆ ಅಂತ ತಿಳಿದುಕೊಳ್ಳಿ. ಅಲುಗಬೇಕಾದದ್ದು ಅಲುಗದಿದ್ದರೆ ವ್ಯಾಪಾರ ಬಿಡಬೇಡಿ, 20 ಸಾವಿರ ಇಳಿಸಿ ಕೇಳಿ.